ನಲವತ್ತರಲ್ಲಿ 'ಮಾಮೂಲಿ' ಎಷ್ಟು ಮಂದಿ?



'ಎಲ್ಲರ ಹಾಗೆ ಇರು' ಎಂಬ ಮಾತನ್ನು ನೀವು ಎಷ್ಟು ಸಲ ಕೇಳಿದ್ದೀರಿ? ಎಡಗೈಯಲ್ಲಿ ಬರೆಯುವವನಿಗೆ 'ಎಡಚ' ಎಂಬ ಅಡ್ಡಹೆಸರು. ಮನೆಯಲ್ಲಿ ಲಂಬಾಣಿಯನ್ನೋ ಕೊಂಕಣಿಯನ್ನೋ ಆಡುವವಳು ಪಾಠ ಓದಿದರೆ ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು. ಹೀಗೆ ನಗುವವರ ಮನಸ್ಸಿನಲ್ಲಿ ಒಂದು ನಂಬಿಕೆ ಇರುತ್ತದೆ. ತರಗತಿಯಲ್ಲಿ ಹೆಚ್ಚಿನವರೆಲ್ಲ ಒಂದೇ ತರಹ, ಯಾರೋ ಒಬ್ಬಿಬ್ಬರು ಮಾತ್ರ ಬೇರೆ ಎಂಬ ನಂಬಿಕೆ ಅದು. ಇದು ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆಂದು ಲೆಕ್ಕ ಮಾಡಿಯೇ ನೋಡೋಣ.

40 ಮಕ್ಕಳಿರುವ ಒಂದು ತರಗತಿಯನ್ನು ಊಹಿಸಿಕೊಳ್ಳಿ. ಪ್ರಪಂಚದಲ್ಲಿ ಸುಮಾರು ಹತ್ತು ಜನರಲ್ಲಿ ಒಬ್ಬರು ಎಡಗೈ ಬಳಸುವವರು. ಹಾಗಾದರೆ ನಮ್ಮ ತರಗತಿಯಲ್ಲಿ ಬಲಗೈಯವರು 36. 2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಕನ್ನಡವೇ ಮಾತೃಭಾಷೆಯಾಗಿರುವವರು ಸುಮಾರು ಮೂರನೇ ಎರಡು ಭಾಗ. 36ರಲ್ಲಿ ಮೂರನೇ ಎರಡು ಭಾಗ ಎಂದರೆ 24. ನಾಲಿಗೆಯ ಎರಡು ಅಂಚುಗಳನ್ನು ಮೇಲಕ್ಕೆ ಮಡಚಿ ಕೊಳವೆಯಂತೆ ಮಾಡಲು ಹೆಚ್ಚಿನವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಮುಕ್ಕಾಲು ಭಾಗ ಜನರಿಗೆ ಬರುತ್ತದೆ ಎಂದಿಟ್ಟುಕೊಂಡರೆ ಉಳಿದವರು 18. ಈಗ ಎರಡೂ ಕೈಗಳ ಬೆರಳುಗಳನ್ನು ಹೆಣೆದುಕೊಳ್ಳಿ. ಯಾವ ಹೆಬ್ಬೆರಳು ಮೇಲೆ ಬಂತು? ಸುಮಾರು ಅರ್ಧದಷ್ಟು ಜನರಿಗೆ ಎಡ ಹೆಬ್ಬೆರಳು, ಉಳಿದವರಿಗೆ ಬಲ ಹೆಬ್ಬೆರಳು ಮೇಲೆ ಬರುತ್ತದೆ. 18ರಲ್ಲಿ ಅರ್ಧ 9.

ನೋಡಿದಿರಾ? ಕೇಳಿದ್ದು ನಾಲ್ಕೇ ಪ್ರಶ್ನೆ. ಬಲಗೈ, ಕನ್ನಡ, ನಾಲಿಗೆ, ಎಡ ಹೆಬ್ಬೆರಳು ಎಲ್ಲವೂ ಸಾಮಾನ್ಯವಾದವುಗಳೇ. ಆದರೂ ನಾಲ್ಕೂ ಕೂಡಿರುವವರು 40ರಲ್ಲಿ 9 ಮಂದಿ ಮಾತ್ರ! ಮಿಕ್ಕ 31 ಮಂದಿ ಒಂದಲ್ಲ ಒಂದು ವಿಷಯದಲ್ಲಿ ಬೇರೆ. (ಒಂದು ಗುಣಕ್ಕೂ ಇನ್ನೊಂದಕ್ಕೂ ನಂಟಿಲ್ಲ ಎಂದು ಭಾವಿಸಿ ಮಾಡಿದ ಲೆಕ್ಕವಿದು.) ಐದನೆಯ, ಆರನೆಯ ಪ್ರಶ್ನೆ ಸೇರಿಸುತ್ತಾ ಹೋದರೆ ಆ 9 ಕೂಡ ಕರಗುತ್ತದೆ.

ಇದು ನಿಜವಾಗಿಯೂ ನಡೆದಿದೆ. 1950ರಲ್ಲಿ ಅಮೆರಿಕದ ವಾಯುಪಡೆಯವರು ಪೈಲಟ್‌ಗಳ ದೇಹದ ಅಳತೆ ತೆಗೆದುಕೊಂಡರು. ಅಲ್ಲಿ ಕೆಲಸ ಮಾಡುತ್ತಿದ್ದ ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ 4,063 ಪೈಲಟ್‌ಗಳ ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದ ಮುಂತಾದ 10 ಅಳತೆಗಳನ್ನು ಪರಿಶೀಲಿಸಿದರು. ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿದ್ದವರು ಎಷ್ಟು ಮಂದಿ ಗೊತ್ತೇ? ಒಬ್ಬರೂ ಇಲ್ಲ! ಸರಾಸರಿ ಪೈಲಟ್‌ಗೆಂದು ಮಾಡಿದ ಆಸನ ಯಾರಿಗೂ ಸರಿಯಾಗಿ ಹೊಂದುವಂತಿರಲಿಲ್ಲ. ಆಮೇಲೆ ಅವರು ಪೈಲಟ್‌ಗಳನ್ನು ಬದಲಾಯಿಸಲು ಹೋಗಲಿಲ್ಲ. ಹಿಂದೆ ಮುಂದೆ ಸರಿಸಬಹುದಾದ ಆಸನ ಮಾಡಿಸಿದರು.

ಇನ್ನೊಂದು ಮಾತು. ಯಾರು ಅಪರೂಪ ಎಂಬುದು ನೀವು ಎಲ್ಲಿ ನಿಂತು ಎಣಿಸುತ್ತೀರಿ ಎನ್ನುವುದರ ಮೇಲೂ ನಿಂತಿದೆ. ತುಳು ಮಾತನಾಡುವ ಹುಡುಗಿ ಮಂಗಳೂರಿನಲ್ಲಿ ಹತ್ತರಲ್ಲಿ ಹನ್ನೊಂದನೆಯವಳು. ಅವಳೇ ಬೀದರ್‌ಗೆ ಬಂದರೆ ಶಾಲೆಗೆಲ್ಲ ಒಬ್ಬಳು. ಹುಡುಗಿ ಬದಲಾಗಲಿಲ್ಲ, ಊರು ಬದಲಾಯಿತು ಅಷ್ಟೆ.

ಕೆಲವು ಅಪರೂಪಗಳು ಕಣ್ಣಿಗೆ ಕಾಣುವುದೇ ಇಲ್ಲ. ನಮ್ಮ ಕೋಲಾರ ಜಿಲ್ಲೆಯ ಮಹಿಳೆಯೊಬ್ಬರು ಹೃದಯದ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಸೇರಿದ್ದರು. ಅವರ ರಕ್ತ ಓ ಪಾಸಿಟಿವ್, ಅಂದರೆ ತೀರಾ ಸಾಮಾನ್ಯವಾದ ಗುಂಪು. ಆದರೆ ಅದೇ ಗುಂಪಿನ ಯಾರ ರಕ್ತವೂ ಅವರಿಗೆ ಹೊಂದಲಿಲ್ಲ. ಮನೆಯವರು, ನೆಂಟರು ಸೇರಿ 20 ಜನರ ರಕ್ತ ಪರೀಕ್ಷಿಸಿದರೂ ಹೊಂದಲಿಲ್ಲ. ವೈದ್ಯರು ಬಹಳ ಎಚ್ಚರಿಕೆಯಿಂದ, ಬೇರೆಯವರ ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ನಡೆಸಿದರು. ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಪರೀಕ್ಷೆ ನಡೆದ ಮೇಲೆ, ಅದು ಅದುವರೆಗೆ ಜಗತ್ತಿನಲ್ಲೇ ಗುರುತಿಸಿರದ ರಕ್ತದ ಗುಣವೆಂದು 2025ರಲ್ಲಿ ಪ್ರಕಟವಾಯಿತು. ಅದಕ್ಕೆ 'ಕ್ರಿಬ್' ಎಂದು ಹೆಸರಿಟ್ಟಿದ್ದಾರೆ. ಆ ಹೆಸರಿನಲ್ಲಿ ಭಾರತದ ಮತ್ತು ಬೆಂಗಳೂರಿನ ಮೊದಲ ಅಕ್ಷರಗಳೂ ಇವೆ. ಆ ತಾಯಿ ಸಂತೆಯಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ.

'ಹಾಗಾದರೆ ಬೇರೆಯಾಗಿರುವುದನ್ನು ಗಮನಿಸಲೇಬಾರದೇ?' ಎಂದು ನೀವು ಕೇಳಬಹುದು. ಖಂಡಿತ ಗಮನಿಸಬೇಕು. ಗಮನಿಸುವುದೇ ವಿಜ್ಞಾನದ ಮೊದಲ ಮೆಟ್ಟಿಲು. ಆದರೆ 'ಅಪರೂಪ' ಎಂಬುದು ಎಣಿಕೆಯ ಮಾತು, 'ಸರಿಯಿಲ್ಲ' ಎಂಬುದು ತೀರ್ಪಿನ ಮಾತು. ಎಣಿಕೆಯಿಂದ ತೀರ್ಪಿಗೆ ಹಾರಬಾರದು. ನಡುವೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಅವನಿಗೆ ಏನಾದರೂ ತೊಂದರೆಯಾಗುತ್ತಿದೆಯೇ? ಕಪ್ಪುಹಲಗೆ ಮಸುಕಾಗಿ ಕಾಣುತ್ತಿದ್ದರೆ ಕನ್ನಡಕ ಬೇಕು. ಕೆಂಪು, ಹಸಿರು ಬಣ್ಣಗಳು ಗೊಂದಲವಾಗುತ್ತಿದ್ದರೆ ನಕ್ಷೆಯಲ್ಲಿ ಬಣ್ಣದ ಜೊತೆಗೆ ಹೆಸರನ್ನೂ ಬರೆಯಬೇಕು. ತೊಂದರೆ ಇದ್ದರೆ ನೆರವು ಕೊಡೋಣ, ಇಲ್ಲದಿದ್ದರೆ ಹಾಗೇ ಬಿಡೋಣ. ಎರಡರಲ್ಲಿಯೂ ನಗುವುದಕ್ಕೆ ಜಾಗವಿಲ್ಲ.

ಎಡಗೈಯಲ್ಲಿ ಬರೆಯುವ ಮಗುವಿನ ಕೈಗೆ ಹೊಡೆದು ಬಲಗೈಗೆ ಪೆನ್ಸಿಲ್ ಕೊಡುವುದು ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಇದು ನಿಲ್ಲಬೇಕು. ಆ ಮಗುವನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಸಾಕು, ಪಕ್ಕದವರಿಗೆ ಮೊಣಕೈ ತಾಗುವುದಿಲ್ಲ. ಇದೇ ನಮ್ಮ ಶಾಲೆಯ 'ಸರಿಸಬಹುದಾದ ಆಸನ'. ಕಾಸಿನ ಖರ್ಚೂ ಇಲ್ಲ.

ಮಾಡಿ ನೋಡಿ: ಮೇಲಿನ ನಾಲ್ಕು ಪ್ರಶ್ನೆಗಳನ್ನು ನಿಮ್ಮ ತರಗತಿಯಲ್ಲಿ ಎಲ್ಲರಿಗೂ ಕೇಳಿ, ಹೆಸರು ಬರೆಯದೆ ಉತ್ತರಗಳನ್ನು ಮಾತ್ರ ಪಟ್ಟಿ ಮಾಡಿ. ನಾಲ್ಕೂ ಗುಣಗಳಿರುವವರು ಎಷ್ಟು ಮಂದಿ? ನಿಮ್ಮ ಊರಿನಲ್ಲಿ ಉತ್ತರ 9ಕ್ಕಿಂತ ಹೆಚ್ಚೂ ಬರಬಹುದು, ಕಡಿಮೆಯೂ ಬರಬಹುದು. ಆಮೇಲೆ ನಿಮ್ಮದೇ ಎರಡು ಪ್ರಶ್ನೆ ಸೇರಿಸಿ ಮತ್ತೆ ಎಣಿಸಿ. ಎಣಿಸಿ ಮುಗಿಸಿದ ದಿನ 'ಎಡಚ' ಎಂಬ ಅಡ್ಡಹೆಸರು ನಿಮ್ಮ ತರಗತಿಯಲ್ಲಿ ಉಳಿಯುತ್ತದೆಯೇ, ನೀವೇ ಹೇಳಿ.