ಸ್ಟಾರ್ನೊವೇ ಬಗ್ಗೆ ನಾವೇಕೆ ಬರೆಯಬೇಕು?

ಕಳೆದ ತಿಂಗಳು ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ನಾವು ನಾಲ್ವರು ಕುಳಿತು ಕನ್ನಡ ವಿಕಿಪೀಡಿಯಕ್ಕಾಗಿ ಒಂದು ಲೇಖನದ ಕರಡು ಸಿದ್ಧಪಡಿಸುತ್ತಿದ್ದೆವು. ವಿಷಯ, ಸ್ಕಾಟ್ಲೆಂಡಿನ ವಾಯವ್ಯ ಕಡಲಿನಲ್ಲಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಪುಟ್ಟ ಪಟ್ಟಣ. ಜನಸಂಖ್ಯೆ ಏಳೆಂಟು ಸಾವಿರ. ಹಿಂದೆ ನಿಂತು ನೋಡುತ್ತಿದ್ದ ಗೆಳೆಯನೊಬ್ಬ ನಕ್ಕು ಕೇಳಿದ: "ನಮ್ಮೂರಿನ ಬಗ್ಗೆ ಬರೆಯೋಕೇ ಜನ ಇಲ್ಲ, ನಿಮಗೆ ಸ್ಕಾಟ್ಲೆಂಡ್ ಯಾಕ್ರೋ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಗ ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ. ಅವನೊಬ್ಬನಿಗೇ ಹೇಳುವ ಬದಲು ಎಲ್ಲ ಸಹಪಾಠಿಗಳ ಮತ್ತು ಉಪನ್ಯಾಸಕರ ಮುಂದಿಡುವುದು ಒಳ್ಳೆಯದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಈ ಊರು ನಮಗೆ ಸಿಕ್ಕಿದ್ದು ಹೇಗೆ ಎಂಬುದನ್ನು ಹೇಳಬೇಕು. ಇತಿಹಾಸ ತರಗತಿಯಲ್ಲಿ ಕೈಫಿಯತ್ತುಗಳ ಬಗ್ಗೆ ಪಾಠ ನಡೆಯುತ್ತಿತ್ತು. ಅರಬ್ಬಿ ಓದುವವರಿಗೆ ಈ ಪದದ ಮೂಲ ತಕ್ಷಣ ಗೊತ್ತಾಗುತ್ತದೆ. 'ಕೈಫ' ಎಂದರೆ 'ಹೇಗೆ'. ಒಂದು ಊರು ಹೇಗಿದೆ, ಹೇಗೆ ಹುಟ್ಟಿತು, ಯಾರು ಆಳಿದರು ಎಂದು ಹೇಳುವ ಬರಹವೇ ಕೈಫಿಯತ್ತು. ಇವುಗಳನ್ನು ಊರೂರು ಸುತ್ತಿಸಿ ಬರೆಸಿ ಕೂಡಿಹಾಕಿದವನು ಕಾಲಿನ್ ಮೆಕೆಂಜಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಇಂಜಿನಿಯರ್. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದವನು. ಆ ಬಳಿಕ ಸುಮಾರು ಹತ್ತು ವರ್ಷ ಮೈಸೂರು ಸೀಮೆಯ ಭೂಮಾಪನ ನಡೆಸಿದ. 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆದ. 1821ರಲ್ಲಿ ಕಲ್ಕತ್ತದ ಬಳಿ ತೀರಿಕೊಂಡ. ಅವನು ಬರೆಸಿದ ಕನ್ನಡ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಆ ಮೆಕೆಂಜಿ ಹುಟ್ಟಿದ ಊರೇ ಸ್ಟಾರ್ನೊವೇ.

ಅಂದರೆ ಇನ್ನೂರು ವರ್ಷಗಳ ಹಿಂದೆ ಸ್ಟಾರ್ನೊವೇಯ ಒಬ್ಬ ಮನುಷ್ಯ ನಮ್ಮ ಹಳ್ಳಿಗಳ ಕಥೆ ಬರೆಸಿದ. ಈಗ ನಮ್ಮ ಮಕ್ಕಳು ಅವನ ಊರಿನ ಕಥೆ ಬರೆದರೆ ತಪ್ಪೇನು? ಮೊದಲಿಗೆ ನಮಗಿದ್ದ ಉತ್ಸಾಹ ಇಷ್ಟೇ. ಕೆಲಸಕ್ಕೆ ಕೈಹಾಕಿದ ಮೇಲೆ ಅದರ ಕಷ್ಟ ಗೊತ್ತಾಯಿತು.

ಮೊದಲ ಕರಡನ್ನು ನಾವು ಮಾಡಿದ್ದು ಸೋಮಾರಿತನದಿಂದ ಎಂದು ಒಪ್ಪಿಕೊಳ್ಳುತ್ತೇನೆ. ಇಂಗ್ಲಿಷ್ ಲೇಖನವನ್ನು ಯಂತ್ರಾನುವಾದಕ್ಕೆ ಹಾಕಿದೆವು. ಅರ್ಧ ನಿಮಿಷದಲ್ಲಿ ಕನ್ನಡ ಬಂತು. ಎಷ್ಟು ಚೆನ್ನಾಗಿದೆ ಎಂದು ಬೀಗಿದೆವು. ಅದನ್ನು ಗಟ್ಟಿಯಾಗಿ ಓದಿದಾಗ ನಿಜಸ್ಥಿತಿ ತಿಳಿಯಿತು. ಆ ದ್ವೀಪದಲ್ಲಿ 'ಫ್ರೀ ಚರ್ಚ್' ಎಂಬ ಪ್ರಬಲ ಕ್ರೈಸ್ತ ಪಂಗಡವಿದೆ. ಸರಕಾರದ, ಜಮೀನ್ದಾರರ ಹಿಡಿತ ಬೇಡವೆಂದು 1843ರಲ್ಲಿ ಬೇರೆಯಾದ ಚರ್ಚು ಅದು. ನಮ್ಮ ಕರಡಿನಲ್ಲಿ ಅದು 'ಉಚಿತ ಚರ್ಚ್' ಆಗಿತ್ತು, ಪ್ರವೇಶ ಶುಲ್ಕವಿಲ್ಲದ ಜಾಗದ ಹಾಗೆ! 'ಲ್ಯೂಸ್ ಕ್ಯಾಸಲ್' ಎಂಬುದು 'ಕೋಟೆ'ಯಾಗಿತ್ತು. ಕನ್ನಡಿಗರು ಕೋಟೆ ಎಂದರೆ ಚಿತ್ರದುರ್ಗವನ್ನು ನೆನೆಯುತ್ತಾರೆ. ಅದೋ, ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ಶ್ರೀಮಂತ ವ್ಯಾಪಾರಿ ಕಟ್ಟಿಸಿಕೊಂಡ ಬಂಗಲೆ.

ಇಂಥ ತಪ್ಪು ಸಣ್ಣದಲ್ಲ. ಇದಕ್ಕೆ ಸ್ಕಾಟ್ಲೆಂಡಿನದೇ ಉದಾಹರಣೆ ಇದೆ. ಅಲ್ಲಿನ ಸ್ಕಾಟ್ಸ್ ಭಾಷೆಗೂ ಒಂದು ವಿಕಿಪೀಡಿಯ ಇದೆ. ಅದರ 20 ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಬರೆದವನು ಸ್ಕಾಟ್ಸ್ ಬಾರದ ಒಬ್ಬ ಅಮೆರಿಕನ್ ಹುಡುಗ ಎಂಬುದು 2020ರ ಆಗಸ್ಟಿನಲ್ಲಿ ಬೆಳಕಿಗೆ ಬಂತು. ಇಂಗ್ಲಿಷ್ ವಾಕ್ಯದಲ್ಲಿ ಅಲ್ಲೊಂದು ಇಲ್ಲೊಂದು ಪದವನ್ನು ನಿಘಂಟು ನೋಡಿ ಬದಲಿಸಿ ಅವನು ಲೇಖನ ಮಾಡುತ್ತಿದ್ದ. ಶುರುಮಾಡಿದಾಗ ಅವನಿಗೆ ಹನ್ನೆರಡು ವರ್ಷ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ವರ್ಷಗಟ್ಟಲೆ ಜಗತ್ತು ಅದನ್ನೇ ಸ್ಕಾಟ್ಸ್ ಭಾಷೆ ಎಂದು ನಂಬಿತು. ಆ ಭಾಷೆಯವರಿಗೆ ಆದ ನೋವು ನಮಗೆ ಅರ್ಥವಾಗಬೇಕು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದದ್ದು. ಹಿಂದೊಮ್ಮೆ ಗೂಗಲ್‌ನ ಅನುವಾದ ಯೋಜನೆಯಿಂದ ಬಂದು ಬಿದ್ದ ಉದ್ದುದ್ದ ಲೇಖನಗಳ ಕನ್ನಡವನ್ನು ಸರಿಪಡಿಸುವ ಶ್ರಮ ಇಲ್ಲಿನ ಸಂಪಾದಕರಿಗೂ ಬಂದಿತ್ತು. ಈಗ ಮೊಬೈಲಿನಲ್ಲಿ ಎಐ ಇದೆ. ಕಸ ಸುರಿಯುವುದು ಇನ್ನೂ ಸುಲಭ. ಆದ್ದರಿಂದ ನಮ್ಮ ಗುಂಪಿನ ಮೊದಲ ನಿಯಮ ಇದಾಯಿತು: ಓದಿ, ಪುಸ್ತಕ ಮುಚ್ಚಿ, ಅಮ್ಮನಿಗೆ ಹೇಳಿದಂತೆ ಹೇಳಿ, ಆಮೇಲೆ ಬರೆ.

ಹೀಗೆ ಬರೆಯುವಾಗ ನಮಗೇ ಒಂದು ಅನುಕೂಲ ಇದೆಯೆಂದು ತಿಳಿಯಿತು. ಆ ಊರಿನ ಗೇಲಿಕ್ ಹೆಸರಿನ ಕೊನೆಯಲ್ಲಿ ಒಂದು ಧ್ವನಿ ಬರುತ್ತದೆ. ಇಂಗ್ಲಿಷಿನಲ್ಲಿ ಅದಿಲ್ಲ, ಕನ್ನಡ ಅಕ್ಷರಮಾಲೆಯಲ್ಲೂ ಇಲ್ಲ. ಆದರೆ ಅರಬ್ಬಿಯ 'ಗೈನ್' ಅಕ್ಷರದ ಧ್ವನಿ ಅದೇ. ಮದ್ರಸದಲ್ಲಿ ಉಸ್ತಾದರು ಗಂಟಲಿನಿಂದ ತೆಗೆಸಿ ತೆಗೆಸಿ ಕಲಿಸಿದ ಆ ಉಚ್ಚಾರ, ಸ್ಕಾಟ್ಲೆಂಡಿನ ಒಂದು ಊರಿನ ಹೆಸರನ್ನು ಸರಿಯಾಗಿ ಹೇಳಲು ನೆರವಾದೀತೆಂದು ಯಾರು ಎಣಿಸಿದ್ದರು! ನಮ್ಮಲ್ಲಿ ಇರುವುದನ್ನೆಲ್ಲ ಕೀಳಾಗಿ ಕಾಣಬೇಕಿಲ್ಲ.

ಎರಡನೆಯ ಕಷ್ಟ ಭಾಷೆಯದಲ್ಲ, ಮನಸ್ಸಿನದು. ಸ್ಟಾರ್ನೊವೇಯಲ್ಲಿ 2018ರ ಮೇ ತಿಂಗಳಲ್ಲಿ, ರಂಝಾನ್‌ಗೆ ಸ್ವಲ್ಪ ಮೊದಲು, ಒಂದು ಮಸೀದಿ ತೆರೆಯಿತು. ಆ ದ್ವೀಪಸಮೂಹದ ಮೊದಲ ಮಸೀದಿ. ಹಳೆಯ ಕಟ್ಟಡವೊಂದನ್ನು ದುರಸ್ತಿ ಮಾಡಿ ಕಟ್ಟಿದ್ದು. ಬಹಳ ಕಾಲದಿಂದ ಅಲ್ಲಿ ನೆಲೆಸಿರುವ ದಕ್ಷಿಣ ಏಷ್ಯಾ ಮೂಲದ ಕೆಲವೇ ಮುಸ್ಲಿಂ ಕುಟುಂಬಗಳಿಗೆ ಅದುವರೆಗೆ ಮಸೀದಿ ಇರಲಿಲ್ಲ. ಭಾನುವಾರದ ವಿಶ್ರಾಂತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಊರು ಅದು. 2009ರ ಜುಲೈವರೆಗೆ ಅಲ್ಲಿಂದ ಭಾನುವಾರ ಹಡಗು ಹೊರಡುತ್ತಿರಲಿಲ್ಲ. ಅಂಥ ಊರಿನಲ್ಲಿ ಮಸೀದಿಯ ಕೆಲಸಕ್ಕೆ ನೆರೆಯ ಕ್ರೈಸ್ತರಲ್ಲಿ ಹಲವರು ನೆರವಾದರು.

ಇದನ್ನು ಓದಿದಾಗ ನಮಗಾದ ಸಂತೋಷ ಹೇಳತೀರದು. ಗುಂಪಿನಲ್ಲಿ ಒಬ್ಬಳು ಮಸೀದಿಯ ಬಗ್ಗೆಯೇ ಎರಡು ಪುಟ ಬರೆದು ತಂದಳು. ಆದರೆ ಊರಿನ ಇಡೀ ಕಥೆ ಒಂದೂವರೆ ಪುಟವಿತ್ತು. ಆಗ ನಮ್ಮಲ್ಲಿ ವಾದವೇ ನಡೆಯಿತು.

ಆ ಒಂದೂವರೆ ಪುಟದಲ್ಲಿ ಏನು ಬಿಟ್ಟುಹೋಗಿತ್ತು ನೋಡಿ. 1919ರ ಜನವರಿ 1ರ ನಸುಕಿನಲ್ಲಿ, ಮೊದಲ ಮಹಾಯುದ್ಧ ಮುಗಿಸಿ ಮನೆಗೆ ಮರಳುತ್ತಿದ್ದ ನಾವಿಕರನ್ನು ಹೊತ್ತ 'ಅಯೊಲೇರ್' ಎಂಬ ಹಡಗು ಸ್ಟಾರ್ನೊವೇ ಬಂದರಿನ ಬಾಯಲ್ಲೇ ಬಂಡೆಗೆ ಬಡಿದು ಮುಳುಗಿತು. ಸತ್ತವರು 201 ಮಂದಿ. ನಾಲ್ಕು ವರ್ಷ ಯುದ್ಧದಲ್ಲಿ ಬದುಕುಳಿದವರು ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ ನೀರುಪಾಲಾದರು. ಅಷ್ಟು ಚಿಕ್ಕ ದ್ವೀಪಕ್ಕೆ ಅದು ಎಂಥ ಏಟು ಎಂದು ಕಡಲತೀರದ ಊರುಗಳ ಜನರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಊರಿನವರು ತಮ್ಮ ಊರಿನ ಲೇಖನ ತೆರೆದಾಗ ಇದು ಒಂದೇ ಸಾಲಿನಲ್ಲಿದ್ದು, ಮಸೀದಿ ಎರಡು ಪುಟವಿದ್ದರೆ ಅವರಿಗೆ ಏನನಿಸಬಹುದು? ಕೊನೆಗೆ ಮಸೀದಿಗೆ ಮೂರು ವಾಕ್ಯ ಉಳಿಸಿದೆವು. ಅದು ಅಲ್ಲಿರಬೇಕು, ಅದರ ಅಳತೆಯಲ್ಲಿ ಇರಬೇಕು. ಬರೆದು ತಂದವಳಿಗೆ ಮೊದಲು ಬೇಸರವಾದರೂ, ಅಯೊಲೇರ್ ಭಾಗವನ್ನು ಆಮೇಲೆ ಬರೆದವಳು ಅವಳೇ.

ಮೂರನೆಯದು ಇನ್ನೂ ಕಠಿಣ. ಮೆಕೆಂಜಿ ಟಿಪ್ಪು ಸುಲ್ತಾನರ ವಿರುದ್ಧ ನಿಂತ ಸೈನ್ಯದವನು. "ಅವನನ್ನು ಹೊಗಳಿ ಬರೀತೀರಾ?" ಎಂದು ಇನ್ನೊಬ್ಬ ಸಹಪಾಠಿ ಸಿಟ್ಟಿನಿಂದಲೇ ಕೇಳಿದ. ಹೊಗಳಬೇಕಿಲ್ಲ, ತೆಗಳಬೇಕಿಲ್ಲ. ವಿಕಿಪೀಡಿಯ ಕೇಳುವುದು ತಟಸ್ಥ ದೃಷ್ಟಿಯನ್ನು. ತಟಸ್ಥ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಆ ನಕ್ಷೆಗಳು ಕಂಪನಿಯ ಆಳ್ವಿಕೆಗೆ ಬೇಕಿದ್ದವು ಎಂದೂ ಬರೆಯಬೇಕು, ಆ ಕೈಫಿಯತ್ತುಗಳಿಲ್ಲದೆ ನಮ್ಮ ಎಷ್ಟೋ ಊರುಗಳ ನೆನಪು ಅಳಿದುಹೋಗುತ್ತಿತ್ತು ಎಂದೂ ಬರೆಯಬೇಕು. ಮೇಲೆ ಹೇಳಿದ ಬಂಗಲೆಯ ಒಡೆಯ ಜೇಮ್ಸ್ ಮ್ಯಾಥೆಸನ್ ವಿಷಯವೂ ಹಾಗೆಯೇ. 1844ರಲ್ಲಿ ಇಡೀ ದ್ವೀಪವನ್ನೇ ಕೊಂಡವನು. ಆ ಹಣದಲ್ಲಿ ದೊಡ್ಡ ಪಾಲು ಭಾರತದ ಅಫೀಮನ್ನು ಚೀನಾಕ್ಕೆ ಮಾರಿ ಗಳಿಸಿದ್ದು. ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಂದಾಗ ಜನರಿಗೆ ಆಹಾರ ಒದಗಿಸಿದವನೂ ಅವನೇ, ಬಳಿಕ ಬಡ ಒಕ್ಕಲುಗಳನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳುಹಿಸಿದವನೂ ಅವನೇ. ಎರಡರಲ್ಲಿ ಒಂದನ್ನು ಬಿಟ್ಟರೆ ಅರ್ಧ ಸುಳ್ಳು ಹೇಳಿದಂತೆ.

ಹಾಗಾದರೆ ನಾವು ಆ ಊರಿನ ಲೇಖನಕ್ಕೆ ಹೊಸದಾಗಿ ಏನು ಕೊಡಬಲ್ಲೆವು? ಇದೆ. ಥಾಮಸ್ ಹಿಕಿ ಎಂಬ ಚಿತ್ರಕಾರ 1816ರಲ್ಲಿ ಬರೆದ ಮೆಕೆಂಜಿಯ ವರ್ಣಚಿತ್ರವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಕೋಟಿನ ಮೆಕೆಂಜಿಯ ಜೊತೆ ಮೂವರು ಭಾರತೀಯರಿದ್ದಾರೆ. ಒಬ್ಬರ ಕೈಯಲ್ಲಿ ತಾಳೆಗರಿ. ಅವರನ್ನು ಜೈನ ಪಂಡಿತ ಧರ್ಮಯ್ಯ ಎಂದು ಗುರುತಿಸುತ್ತಾರೆ. ಅವರು ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನವರು. ಹಿನ್ನೆಲೆಯಲ್ಲಿ ದೂರಕ್ಕೆ ಕಾಣುವುದು ನಮ್ಮ ಕಾರ್ಕಳದ ಗೊಮ್ಮಟ! ಹಳಗನ್ನಡ ಶಾಸನಗಳನ್ನು ಓದಿ ಹೇಳಲು ಧರ್ಮಯ್ಯನಂಥವರು ಇಲ್ಲದಿದ್ದರೆ, ತೆಲುಗಿನ ಕಾವಲಿ ಸೋದರರು ಇಲ್ಲದಿದ್ದರೆ, ಮೆಕೆಂಜಿಯ ಸಂಗ್ರಹವೇ ಇರುತ್ತಿರಲಿಲ್ಲ. ಈ ಹೆಸರುಗಳನ್ನು ಸರಿಯಾದ ಉಚ್ಚಾರದಲ್ಲಿ, ಸರಿಯಾದ ಊರಿನೊಂದಿಗೆ, ಆಧಾರ ಸಮೇತ ಬರೆಯಲು ಎಡಿನ್‌ಬರೋದ ವಿದ್ಯಾರ್ಥಿಗಿಂತ ನಮಗೆ ಹೆಚ್ಚು ಸಾಧ್ಯ. ದೊಡ್ಡವರ ಹೆಸರು ತಾನಾಗಿ ಉಳಿಯುತ್ತದೆ, ಪಕ್ಕದಲ್ಲಿ ನಿಂತವರ ಹೆಸರನ್ನು ಯಾರಾದರೂ ಬರೆದು ಉಳಿಸಬೇಕು.

ಈಗ ಗೆಳೆಯನ ಪ್ರಶ್ನೆಗೆ ಬರುತ್ತೇನೆ. ನಮ್ಮೂರಿನ ಲೇಖನ ಬರೆಯಬೇಕು, ಖಂಡಿತ. ಆದರೆ ನಮ್ಮೂರಿನ ವಿಷಯ ಬಂದಾಗ ನಮಗೆ ಆಧಾರ ಬೇಕೆನಿಸುವುದಿಲ್ಲ. "ಎಲ್ಲರಿಗೂ ಗೊತ್ತಲ್ಲ" ಎಂದುಬಿಡುತ್ತೇವೆ. ಒಬ್ಬನಿಗೆ ತನ್ನ ಮೊಹಲ್ಲಾ ಮೊದಲು ಬರಬೇಕು, ಇನ್ನೊಬ್ಬನಿಗೆ ತನ್ನ ಅಜ್ಜನ ಹೆಸರು ಬರಬೇಕು, ಮತ್ತೊಬ್ಬನಿಗೆ ತಾನು ಮೆಚ್ಚಿದ ಮುಖಂಡರ ಫೋಟೊ ಬೇಕು. ಸ್ಟಾರ್ನೊವೇಯಲ್ಲಿ ನಮಗೆ ಅಜ್ಜನೂ ಇಲ್ಲ, ಆಸ್ತಿಯೂ ಇಲ್ಲ. ಪ್ರತಿ ವಾಕ್ಯಕ್ಕೂ "ಇದು ನಿನಗೆ ಹೇಗೆ ಗೊತ್ತು?" ಎಂದು ಕೇಳಿಕೊಳ್ಳಲೇಬೇಕು. ಆ ಅಭ್ಯಾಸ ದೂರದ ಊರಿನಲ್ಲಿ ಕಲಿತು ಹತ್ತಿರದ ಊರಿಗೆ ತರಬೇಕಾದದ್ದು. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಕಳುಹಿಸುವ ಈ ಕಾಲದಲ್ಲಿ ಪಿಯುಸಿ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಯಾವುದಿದೆ?

ಇನ್ನೊಂದು ಮಾತು. ನಮ್ಮ ಊರು, ನಮ್ಮ ಜನ, ನಮ್ಮ ಸಮುದಾಯದ ಬಗ್ಗೆ ನಮ್ಮನ್ನು ಕಾಣದವರು ಬರೆದಾಗ ಎಷ್ಟೋ ಸಲ ನಮಗೆ ನೋವಾಗಿದೆ. ಒಂದೇ ಘಟನೆ ಹಿಡಿದು ಇಡೀ ಊರನ್ನು ಅಳೆಯುತ್ತಾರೆ ಎಂದು ದೂರುತ್ತೇವೆ. ಹಾಗಿದ್ದ ಮೇಲೆ, ನಾವು ಕಾಣದ ಊರಿನ ಬಗ್ಗೆ ಬರೆಯುವ ಅವಕಾಶ ಸಿಕ್ಕಾಗ, ಇತರರಿಂದ ಬಯಸುವ ನ್ಯಾಯವನ್ನು ಮೊದಲು ನಾವು ಕೊಡಬೇಡವೇ?

ಅದಕ್ಕಾಗಿ ನನ್ನ ವಿನಂತಿಗಳು ಚಿಕ್ಕವು. ವಾರಕ್ಕೊಂದು ದಿನ, ತರಗತಿ ಮುಗಿದ ಮೇಲೆ ಅರ್ಧ ಗಂಟೆ, ಕಂಪ್ಯೂಟರ್ ಲ್ಯಾಬಿನ ಬಾಗಿಲು ನಮಗೆ ತೆರೆದಿರಲಿ ಎಂದು ಪ್ರಾಂಶುಪಾಲರಲ್ಲಿ ಕೇಳಿಕೊಳ್ಳುತ್ತೇನೆ. ಆಧಾರ ಗ್ರಂಥ ಹುಡುಕಲು ಗ್ರಂಥಪಾಲಕರೂ ಭಾಷೆ ತಿದ್ದಲು ಕನ್ನಡ ಉಪನ್ಯಾಸಕರೂ ಜೊತೆಗಿದ್ದರೆ ಸಾಕು. ಬರುವ ವಿದ್ಯಾರ್ಥಿ ಮೊದಲು ಪ್ರಯೋಗಪುಟದಲ್ಲಿ ಬರೆಯಲಿ, ಒಂದು ವಾಕ್ಯ, ಅದಕ್ಕೊಂದು ಉಲ್ಲೇಖ. ಸಂದೇಹ ಬಂದರೆ ಕನ್ನಡ ವಿಕಿಪೀಡಿಯದ 'ಅರಳಿ ಕಟ್ಟೆ'ಯಲ್ಲಿ ಹಿರಿಯ ಸಂಪಾದಕರನ್ನು ಕೇಳೋಣ. ತಿದ್ದಿದರೆ ಮುನಿಸಿಕೊಳ್ಳುವುದು ಬೇಡ. ವಿಜ್ಞಾನ ವಿಭಾಗದವರು, ವಾಣಿಜ್ಯ ವಿಭಾಗದವರು ಎಂಬ ಭೇದವೂ ಬೇಡ. ಹ್ಯಾರಿಸ್ ಟ್ವೀಡ್ ಬಟ್ಟೆಯ ಮಗ್ಗಗಳ ಬಗ್ಗೆ ಬರೆಯಲು ವಾಣಿಜ್ಯದವರೇ ಬೇಕು.

ಸ್ಟಾರ್ನೊವೇ ಮುಗಿದ ಮೇಲೆ ಮಲೆಯೂರು, ಅದಾದ ಮೇಲೆ ನಮ್ಮೂರು. ಆ ದಿನ ನಕ್ಕ ಗೆಳೆಯನೇ, ನಮ್ಮೂರಿನ ಮೊದಲ ವಾಕ್ಯ ನಿನ್ನದೇ ಆಗಲಿ. ಬರುವಾಗ ಆಧಾರ ಮಾತ್ರ ಮರೆಯದೆ ತಾ.