ಓವನ್ನಿನಾಗ ಶೆರೆ ಪೂರಾ ಹಾರಿ ಹೋಗೂದಿಲ್ರಿ

ಜರ್ಮನಿಯೊಳಗ ಇರೋ ನಮ್ಮ ಹುಡುಗ್ಯಾರು ಈಸ್ಟರ್ ಬಂತಂದ್ರ ತತ್ತಿ ಶೆರೆ ಹಾಕಿ ಕೇಕ್ ಮಾಡಿ ಫೋಟೋ ಕಳಸ್ತಾರ. ಅಲ್ಲಿ ಅದಕ್ಕ ಐಯರ್‌ಲಿಕ್ಯೋರ್ ಅಂತಾರ. ತತ್ತಿಯ ಹಳದಿ, ಸಕ್ಕರಿ, ಶೆರೆ ಕೂಡಿಸಿದ್ದು, ನೋಡಾಕ ಬಾಸುಂದಿ ಹಂಗ ದಪ್ಪ. ಕೇಕ್ ಭಾಳ ಮೆತ್ತಗ ಆಗತೈತಿ, ಲಗೂನ ಒಣಗೂದಿಲ್ಲ. ಅದಕ್ಕ ನನ್ನ ತಕರಾರಿಲ್ಲ. ತಕರಾರು ಈ ಮಾತಿಗೆ: “ಬೆಂದ ಮ್ಯಾಲ ಶೆರೆ ಎಲ್ಲಾ ಹಾರಿ ಹೋಗತೈತಿ, ಮಕ್ಕಳಿಗೂ ಕೊಡ್ರಿ.”

ಎಲ್ಲಿ ಹಾರತೈತ್ರೀ? ಅಮೆರಿಕಾದ ಕೃಷಿ ಇಲಾಖೆಯವರು ಲೆಕ್ಕಾ ಹಾಕಿಟ್ಟಾರ. ಹಿಟ್ಟಿನಾಗ ಕಲಸಿದ್ದು 1 ತಾಸು ಬೆಂದರೂ ಕಾಲುಭಾಗ ಉಳೀತೈತಿ. 15 ನಿಮಿಷ ಬೆಂದರ 100ಕ್ಕ 40 ಪಾಲು. ಅಂದ್ರ, ಸಣ್ಣಾವು ಅಂತ ಕೂಸಿನ ಕೈಗೆ ಕೊಡೂ ಕಪ್‌ಕೇಕಿನಾಗ ಉಳಿಯೂ ಪಾಲು ದೊಡ್ಡ ಕೇಕಿಗಿಂತ ಹೆಚ್ಚು! ಮ್ಯಾಲ ಹಸೀದು ಸುರುವಿ ಚಂದ ಮಾಡತಾರಲ್ಲ, ಅದಂತೂ ಬೆಂಕೀನ ಕಂಡಿಲ್ಲ. ಯುರೋಪಿನ ಕಾಯ್ದೆ ಪ್ರಕಾರ ಆ ಬಾಟಲಿಯೊಳಗ ಕಮ್ಮಿ ಅಂದ್ರೂ 100ಕ್ಕ 14 ಪಾಲು ಆಲ್ಕೋಹಾಲ್ ಇರಬೇಕು.

ಒಂದು ತುಂಡಿಗೆ ನಿಶಾ ಏರತೈತಿ ಅಂತ ನಾ ಹೇಳಂಗಿಲ್ಲ. ಆದ್ರ ಕೂತವರೊಳಗ ಶೆರೆ ಬಿಟ್ಟಾವ್ರು ಇರತಾರ, ಬಸುರಿ ಇರತಾಳ, ಅದನ್ನ ಮುಟ್ಟಂಗೇ ಇಲ್ಲ ಅನ್ನಾವ್ರು ಇರತಾರ. “ತತ್ತಿ ಐತ್ರಿ, ನೋಡ್ಕೊಂಡು ತಗೋರಿ” ಅಂತ ಹೇಳೂ ನಾವು ಶೆರೀ ಮಾತು ಬಂದ್ರ ಯಾಕ ಬಾಯಿ ಮುಚ್ಚಬೇಕು? ತಾಟು ಮುಂದ ಇಡೂಕಿಂತ ಮೊದಲ ಹೇಳ್ರಿ. ಮಕ್ಕಳ ಪಾಲಿನ ಹಿಟ್ಟು ಬ್ಯಾರೆ ತಗದು, ಶೆರೀ ಬದಲಿ ಹಾಲು, ವೆನಿಲ್ಲಾ ಹಾಕಿ ಬೇಯಸ್ರಿ.