ಬೋಲ್ಟಿಗೂ ಹದ ಬರಬೇಕು

ಹಳೇ ಜೀಪಿನ ಎಂಜಿನ್ ಇಳಿಸುವಾಗ ಕೈ ಎಟುಕದ ಒಂದು ಬೋಲ್ಟ್ ಬಿಚ್ಚಲಿಲ್ಲ ಅಂದ್ರೆ ನಮ್ಮ ಕಡೆ ಮೊದಲು ಕೇಳಿ ಬರೋ ಮಾತು, ‘ಗ್ಯಾಸ್ ತಗೊಂಡ್ ಬಾ, ಕಟ್ ಮಾಡೋಣ.’ ಈ ಮಾತು ನಿಲ್ಲಬೇಕು ಅನ್ನೋದು ನನ್ನ ಅಭಿಪ್ರಾಯ. ಹತ್ತಿಪ್ಪತ್ತು ರೂಪಾಯಿ ಬೋಲ್ಟ್ ಉಳಿಸಲಿಕ್ಕೆ ಅಲ್ಲ, ಆ ಬೋಲ್ಟ್ ಹಿಡಿದಿರೋ ಬ್ರಾಕೆಟ್ಟು, ಚಾಸಿ, ಕೆಲಸ ಮಾಡೋ ಹುಡುಗನ ಕೈ ಕಣ್ಣು ಉಳಿಸಲಿಕ್ಕೆ.

ನಾನು ಮೆಕ್ಯಾನಿಕ್ ಅಲ್ಲ. ಶೇಂಗಾ, ಸಜ್ಜೆ, ತೊಗರಿ ಬೆಳೆಯೋ ಮಳೆ ಆಶ್ರಯದ ರೈತ. ಆದರೆ ನಮ್ಮ ಮನೆಯಲ್ಲಿ ವಿಲ್ಲಿಸ್ ಮಾದರಿಯ ಹಳೇ ಮಹೀಂದ್ರ ಜೀಪು ಇದೆ. ಬೀಜ, ಗೊಬ್ಬರ, ಹೊಟ್ಟು, ಹೆರಿಗೆಗೆ ಹೋಗೋ ಹೆಣ್ಣುಮಕ್ಕಳು, ಎಲ್ಲಾ ಅದರಲ್ಲೇ ಹೋಗಿ ಬಂದಿರೋದು. ಅದರ ಎಂಜಿನ್ನನ್ನು ಎರಡು ಸಲ ಮನೆ ಮುಂದೆಯೇ ಇಳಿಸಿ ಏರಿಸಿದ್ದೇವೆ. ಒಂದು ಬೋಲ್ಟನ್ನೂ ಗ್ಯಾಸಿಂದ ಕತ್ತರಿಸಿಲ್ಲ. ಆ ಅನುಭವದ ಮೇಲೆ ಬರೀತಿದ್ದೇನೆ.

ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಅಮೆರಿಕದ ವಿಲ್ಲಿಸ್ ಜೀಪನ್ನು ಜೋಡಿಸಲಿಕ್ಕೆ ಶುರು ಮಾಡಿದರು. ಆಮೇಲೆ ಎತ್ತರ ಬಾನೆಟ್ಟಿನ ಸಿಜೆ 3ಬಿ ಬಂತು. ಅದರ ಹರಿಕೇನ್ ಎಂಜಿನ್ ಎತ್ತರ ಇದ್ದಿದ್ದಕ್ಕೇ ಬಾನೆಟ್ ಎತ್ತರ ಆಗಿದ್ದು. ನಮ್ಮ ಬಯಲುಸೀಮೆ ಹಳ್ಳಿಗಳಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಓಡುತ್ತಿರೋದು ಇದೇ ಜಾತಿಯವು.

ತೊಂದರೆ ಎಲ್ಲಿ?

ಈ ಜೀಪಿನ ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ. ಮುಂದೆ ಎಡಕ್ಕೊಂದು ಬಲಕ್ಕೊಂದು. ಹಿಂದಿನ ಭಾರ ಗೇರ್ ಬಾಕ್ಸಿನ ಅಡಿ ಇರೋ ಅಡ್ಡಪಟ್ಟಿಯ ಮೇಲೆ. ಮುಂದಿನವಕ್ಕೆ ಸ್ಟೀರಿಂಗ್ ಬಾಕ್ಸು, ಡೈನಮೋ, ಸೈಲೆನ್ಸರ್ ಪೈಪು ಒಂದಲ್ಲ ಒಂದು ಅಡ್ಡ. ಹಿಂದಿನದಕ್ಕೆ ಅಂಗಾತ ಮಲಗಿಯೇ ಕೈ ಹಾಕಬೇಕು. ಎಲ್ಲಕ್ಕಿಂತ ಕಷ್ಟ ಎಂಜಿನ್ನು ಗೇರ್ ಬಾಕ್ಸನ್ನು ಕೂಡಿಸೋ ಬೆಲ್ ಹೌಸಿಂಗಿನ ಮೇಲಿನ ಬೋಲ್ಟುಗಳು. ಬಾನೆಟ್ ಕಡೆಯಿಂದ ನೋಡಿದರೆ ಅವು ಕಾಣೋದೂ ಇಲ್ಲ.

ಅಲ್ಲಿಗೆ ಕೆಸರು, ಎಣ್ಣೆ, ಧೂಳು ಸೇರಿ ಗಟ್ಟಿಯಾಗಿ ಕೂತಿರುತ್ತೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ತಗೊಳ್ಳುತ್ತೆ. ಮರೆಯ ಸಂದಿನಲ್ಲಿ ಅದು ಉಬ್ಬಿದಾಗ ನಟ್ಟೂ ಬೋಲ್ಟೂ ಒಂದೇ ಆದಂಗೆ ಕಚ್ಚಿಕೊಳ್ಳುತ್ತೆ. ಅದನ್ನು ಬರೀ ತೋಳ್ಬಲದಿಂದ ತಿರುಗಿಸಿದರೆ ತುಕ್ಕು ಬಿಡೋ ಮೊದಲು ಬೋಲ್ಟಿನ ಕತ್ತೇ ತುಂಡಾಗುತ್ತೆ.

ಬಿಸಿಲಿಗೆ ಬಿರುಕು ಬಿಟ್ಟ ಎರೆಹೊಲಕ್ಕೆ ನೇಗಿಲು ಹೂಡೋರು ಯಾರಾದರೂ ಇದ್ದಾರಾ? ಹೂಡಿದರೆ ಗುಳ ಮುರಿಯುತ್ತೆ, ಎತ್ತಿನ ಹೆಗಲು ಹುಣ್ಣಾಗುತ್ತೆ. ಮಳೆ ಬಿದ್ದು ಹದ ಬರಲಿ ಅಂತ ಕಾಯ್ತೀವಿ. ಬೋಲ್ಟಿನ ವಿಷಯದಲ್ಲಿ ಮಾತ್ರ ಯಾಕೆ ಕಾಯಲ್ಲ?

ಗ್ಯಾಸ್ ಯಾಕೆ ಬೇಡ

ಮೊದಲನೇದು, ಹಳೇ ವಿಲ್ಲಿಸ್ ಮಾದರಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರೋದು ಡ್ರೈವರ್ ಸೀಟಿನ ಅಡಿಯಲ್ಲೇ. ಗೇರ್ ಬಾಕ್ಸ್ ಮೌಂಟಿಂಗ್ ಅಲ್ಲಿಂದ ದೂರ ಇಲ್ಲ. ಅಲ್ಲಿ ಗ್ಯಾಸ್ ಕಟ್ಟರ್ ಹಚ್ಚೋದು ಅಂದ್ರೆ ಬಣವೆ ಪಕ್ಕದಲ್ಲಿ ಒಲೆ ಹೂಡಿದಂಗೆ. ಟ್ಯಾಂಕ್ ಖಾಲಿ ಮಾಡಿದ್ದೀವಿ ಅನ್ನೋ ಧೈರ್ಯವೂ ಸಾಲದು. ಖಾಲಿ ಟ್ಯಾಂಕಿನಲ್ಲಿ ಉಳಿಯೋ ಪೆಟ್ರೋಲ್ ಆವಿಯೇ ಹೆಚ್ಚು ಅಪಾಯ.

ಎರಡನೇದು, ಕಟ್ಟರಿನ ಉರಿ ಬೋಲ್ಟಿಗೆ ಮಾತ್ರ ತಾಗಲ್ಲ. ಬ್ರಾಕೆಟ್ ಕರಗುತ್ತೆ, ತೂತು ದೊಡ್ಡದಾಗುತ್ತೆ. ನಮ್ಮ ಪಕ್ಕದ ಊರಿನ ಒಬ್ಬರ ಜೀಪಿಗೆ ಹಿಂಗೇ ಆಯ್ತು. ಕತ್ತರಿಸಿದ್ದು ಒಂದು ಬೋಲ್ಟ್. ಆಮೇಲೆ ಬ್ರಾಕೆಟ್ಟಿಗೆ ತಗಡಿನ ತುಂಡು ವೆಲ್ಡ್ ಮಾಡಿದರು, ಎಂಜಿನ್ ಒಂದು ಬೆರಳು ಓರೆ ಕೂತಿತು. ಅಲ್ಲಿಂದ ಕ್ಲಚ್ ಕಟಕಟ, ಫ್ಯಾನ್ ಹೋಗಿ ರೇಡಿಯೇಟರಿಗೆ ತಾಗೋದು. ಒಂದೂವರೆ ವರ್ಷದಲ್ಲಿ ಗಾಡಿ ಗುಜರಿಗೆ ಹೋಯ್ತು.

ಮೂರನೇದು, 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಖಾಸಗಿ ವಾಹನಗಳಿಗೆ ವಿಂಟೇಜ್ ಅಂತ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. ಅದಕ್ಕೆ ಗಾಡಿ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು. ಹಂಗೆ ನೋಂದಣಿ ಮಾಡಿಸಿದ ಗಾಡಿಯನ್ನು ದಿನನಿತ್ಯದ ಕೆಲಸಕ್ಕೆ ಓಡಿಸೋ ಹಂಗಿಲ್ಲ, ಹಾಗಾಗಿ ದುಡಿಯೋ ಜೀಪಿಗೆ ಅದು ಬೇಡ. ಆದರೆ ನಾಳೆ ಮಾರೋ ಕಾಲ ಬಂದರೆ ಕೊಳ್ಳೋರು ಮೊದಲು ಬಗ್ಗಿ ನೋಡೋದು ಚಾಸಿಯನ್ನೇ.

ಹದ ಮಾಡೋ ಕ್ರಮ

ಕೆಲಸಕ್ಕೆ ಮೂರು ದಿನ ಮೊದಲೇ ಶುರು ಮಾಡಿ. ಇದಕ್ಕೆ ಮೆಕ್ಯಾನಿಕ್ ಬೇಡ, ಮನೆಯವರೇ ಸಾಕು.

ಕಡ್ಡಿಯಿಂದ ಕೆಸರು ಕೆದಕಿ, ತಂತಿ ಬ್ರಷ್ಷಿಂದ ನಟ್ಟಿನಾಚೆ ಕಾಣೋ ಮರೆಯನ್ನು ಚೊಕ್ಕ ಮಾಡಿ. ಇದನ್ನು ಬಿಟ್ಟರೆ ನಟ್ಟು ಒಂದು ಸುತ್ತು ಬಂದು ಅಲ್ಲೇ ಮತ್ತೆ ಕಚ್ಚುತ್ತೆ. ಆಮೇಲೆ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಅಂಗಡಿಯದ್ದು ಇಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ತೆಳು ಎಣ್ಣೆ ಬೆರೆಸಿದರೂ ಆಗುತ್ತೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಪ್ರತಿ ಸಲ ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ನಾಲ್ಕು ಏಟು ಟಕಟಕ ಅಂತ ಹಾಕಿ. ಜೋರಾಗಿ ಬೇಡ. ಆ ನಡುಕಕ್ಕೆ ತುಕ್ಕಿನ ಪುಡಿ ಸಡಿಲಾಗಿ ಎಣ್ಣೆ ಒಳಗೆ ಇಳಿಯುತ್ತೆ. ಒಂದು ಎಚ್ಚರ: ಡೀಸೆಲ್ಲು ರಬ್ಬರನ್ನು ಕೆಡಿಸುತ್ತೆ. ಹಳೇ ಮೌಂಟಿಂಗನ್ನೇ ಮತ್ತೆ ಹಾಕೋದಿದ್ದರೆ ಬಟ್ಟೆ ಸುತ್ತಿ ಬಿಡಿ.

ಅಡ್ಡ ಇರೋದನ್ನು ಮೊದಲು ತೆಗೀರಿ

ಕೈ ಎಟುಕಲ್ಲ ಅನ್ನೋದರಲ್ಲಿ ಅರ್ಧ ಸುಳ್ಳು. ಅಡ್ಡ ಇರೋದನ್ನು ತೆಗೆಯೋಕೆ ಸೋಮಾರಿತನ, ಅಷ್ಟೆ. ಬ್ಯಾಟರಿ ವೈರ್ ಬಿಚ್ಚಿ, ರೇಡಿಯೇಟರ್ ನೀರು ಇಳಿಸಿ. ಬಾನೆಟ್ಟು, ಮುಂದಿನ ಗ್ರಿಲ್ಲು, ರೇಡಿಯೇಟರ್ ಮೂರನ್ನೂ ಬಿಚ್ಚಿ ಪಕ್ಕಕ್ಕಿಡಿ. ಈ ಜೀಪಿನಲ್ಲಿ ಅವೆಲ್ಲ ಸಲೀಸಾಗಿ ಬರ್ತವೆ. ಏರ್ ಕ್ಲೀನರ್, ಸೈಲೆನ್ಸರ್ ಪೈಪು, ಸೆಲ್ಫ್ ಮೋಟಾರ್ ತೆಗೆದರೆ ಇನ್ನಷ್ಟು ಜಾಗ.

ಬೆಲ್ ಹೌಸಿಂಗಿನ ಮೇಲಿನ ಬೋಲ್ಟಿಗೆ ಬಾನೆಟ್ ಕಡೆಯಿಂದ ಗುದ್ದಾಡಬೇಡಿ. ಗಾಡಿ ಒಳಗೆ, ಗೇರ್ ಲಿವರ್ ಸುತ್ತ ನೆಲಕ್ಕೆ ತಗಡಿನ ಮುಚ್ಚಳ ಇದೆ. ಅದರ ಸ್ಕ್ರೂ ಬಿಚ್ಚಿ ಎತ್ತಿದರೆ ಅರ್ಧ ತಾಸು ಕಾಡಿದ ಬೋಲ್ಟ್ ಕಣ್ಣೆದುರಿಗೇ ಬರುತ್ತೆ. ಎಷ್ಟೋ ಜನಕ್ಕೆ ಆ ಮುಚ್ಚಳ ಬಿಚ್ಚುತ್ತೆ ಅನ್ನೋದೇ ಗೊತ್ತಿಲ್ಲ, ಮೇಲೆ ಮ್ಯಾಟ್ ಅಂಟಿಸಿರ್ತಾರೆ.

ಕಾಣದ ಕಡೆಗೆ ಗಡ್ಡ ಮಾಡೋ ಸಣ್ಣ ಕನ್ನಡಿ ಹಿಡಿದು ಮೊಬೈಲ್ ಬೆಳಕು ಬಿಡಿ. ಇನ್ನೊಂದು ಮಾತು, ನಟ್ಟನ್ನು ಎದುರಿಗೆ ನೋಡಿದಾಗ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತೆ. ಅದರ ಬೆನ್ನ ಹಿಂದಿನಿಂದ ಕೈ ಹಾಕಿದಾಗ ಲೆಕ್ಕ ತಿರುಗಾಮುರುಗಾ. ಎಷ್ಟೋ ಬೋಲ್ಟುಗಳು ಮುರಿದಿರೋದು ಬಿಚ್ತೀವಿ ಅಂತ ಬಿಗಿ ಮಾಡಿದ್ದರಿಂದಲೇ.

ಭಾರ ಇಳಿಸಿ

ಕೆಲವು ಸಲ ಬೋಲ್ಟ್ ತುಕ್ಕಿಗೆ ಕಚ್ಚಿರೋದೇ ಇಲ್ಲ, ಎಂಜಿನ್ ಭಾರಕ್ಕೆ ಸಿಕ್ಕಿಕೊಂಡಿರುತ್ತೆ. ಒಂದು ಕ್ವಿಂಟಾಲಿಗೂ ಹೆಚ್ಚು ಭಾರ ಅದರ ಮೈಮೇಲೆ ಕೂತಿದ್ದರೆ ಹೆಂಗೆ ಅಲ್ಲಾಡೀತು? ಚೈನ್ ಬ್ಲಾಕಿಂದ ಎಂಜಿನ್ನನ್ನು ಅರ್ಧ ಇಂಚು ಎತ್ತಿ, ಬೋಲ್ಟ್ ಬೆರಳಲ್ಲೇ ಅಲ್ಲಾಡುತ್ತೆ. ಎಣ್ಣೆ ತೊಟ್ಟಿಯ ಅಡಿಗೆ ನೇರ ಜಾಕಿ ಕೊಡಬೇಡಿ, ತಗಡು ತಗ್ಗುತ್ತೆ. ಕೊಡಲೇಬೇಕಾದರೆ ಅಗಲ ಹಲಗೆ ಇಡಿ. ಗೇರ್ ಬಾಕ್ಸಿಗೂ ಮರದ ದಿಮ್ಮಿ ಒತ್ತು ಕೊಡಿ. ಬೇವಿನ ಕೊಂಬೆಗೆ ಹಗ್ಗ ಕಟ್ಟಿ ಎತ್ತೋ ಪದ್ಧತಿ ನಮ್ಮಲ್ಲಿದೆ, ನಾನು ಅದನ್ನು ಒಪ್ಪಲ್ಲ. ಮೂರು ಕಾಲಿನ ಗಟ್ಟಿ ಪೈಪಿನ ಸ್ಟ್ಯಾಂಡ್ ಬಾಡಿಗೆಗೆ ತನ್ನಿ. ಏನೇ ಇರಲಿ, ತೂಗುವ ಎಂಜಿನ್ ಕೆಳಗೆ ಯಾರೂ ತಲೆ ಹಾಕಬಾರದು.

ಟ್ರ್ಯಾಕ್ಟರ್ ಇರೋರು ಈ ಲೆಕ್ಕ ಹಿಡಿಯಬೇಡಿ. ಮಾಮೂಲಿ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನೇ ಗಾಡಿಯ ಬೆನ್ನುಮೂಳೆ. ರಬ್ಬರ್ ಮೌಂಟಿಂಗ್ ಇರಲ್ಲ, ನೇರ ಗೇರ್ ಬಾಕ್ಸಿಗೇ ಬೋಲ್ಟ್. ಎರಡೂ ಕಡೆ ಒತ್ತು ಕೊಡದೆ ಬಿಚ್ಚಿದರೆ ಗಾಡಿ ನಡು ಮುರಿದು ಬೀಳುತ್ತೆ.

ಪಾನೆಯ ಲೆಕ್ಕ

ವಿಲ್ಲಿಸ್ ಜೀಪಿನದು ಇಂಚಿನ ಲೆಕ್ಕ, ಮಿಲಿಮೀಟರ್ ಅಲ್ಲ. 9/16 ಇಂಚು ಅಂದರೆ 14.29 ಮಿಲಿಮೀಟರ್. 14ರ ಪಾನೆ ಹೋಗಲ್ಲ, 15ರದು ಸಡಿಲ. ಆ 15ರದ್ದನ್ನು ಹಾಕಿ ಎಳೆದಾಗಲೇ ನಟ್ಟಿನ ಮೂಲೆ ಸವೆದು ಗುಂಡಾಗೋದು. ಅರ್ಧ ಇಂಚಿಗೆ 13ರ ಪಾನೆ ಕೂಡ ಸ್ವಲ್ಪ ಸಡಿಲವೇ. 3/4 ಇಂಚಿಗೆ 19 ನಡೆಯುತ್ತೆ. ನಾಲ್ಕಾರು ಇಂಚಿನ ಪಾನೆ ಮನೆಯಲ್ಲೇ ಇಟ್ಟುಕೊಳ್ಳಿ, ಈಗಿನ ಗ್ಯಾರೇಜ್ ಹುಡುಗರ ಹತ್ತಿರ ಇರಲ್ಲ.

ಕಚ್ಚಿದ ನಟ್ಟಿಗೆ ಬಾಯಿ ತೆರೆದ ಪಾನೆ ಬೇಡ. ಆರು ಮೂಲೆಯ ಸಾಕೆಟ್ ಒಳ್ಳೇದು, ಇಲ್ಲಾಂದ್ರೆ ರಿಂಗ್ ಪಾನೆ. ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ, ಆಮೇಲೆ ಬಿಚ್ಚೋ ಕಡೆಗೆ. ಕಾಲು ಸುತ್ತು ಬಂದರೆ ಮತ್ತೆ ಹಿಂದಕ್ಕೆ, ಎಣ್ಣೆ ಬಿಟ್ಟು ಮುಂದಕ್ಕೆ. ಬಿಗಿ ಬಿಟ್ಟ ಮೇಲೆ ಉದ್ದ ಎಕ್ಸ್‌ಟೆನ್ಶನ್ ರಾಡು, ಯೂನಿವರ್ಸಲ್ ಜಾಯಿಂಟ್ ಹಾಕಿ ದೂರದಿಂದ ತಿರುಗಿಸಬಹುದು. ಮೊದಲ ಬಿಗಿ ಬಿಡಿಸಲಿಕ್ಕೆ ಯೂನಿವರ್ಸಲ್ ಜಾಯಿಂಟ್ ಬೇಡ, ಬಲ ಪಕ್ಕಕ್ಕೆ ಹೋಗಿ ಸಾಕೆಟ್ ಜಾರುತ್ತೆ.

ಇಷ್ಟೆಲ್ಲಾ ಮಾಡಿಯೂ ಬರದಿದ್ದರೆ? ಆಕ್ಸಾ ಬ್ಲೇಡಿಂದ ನಟ್ಟನ್ನು ಉದ್ದಕ್ಕೆ ಸೀಳಿ, ಉಳಿಯಿಂದ ಬಿಡಿಸಿ. ಒಂದು ತಾಸು ಹಿಡಿದರೂ ಹೋಗೋದು ನಟ್ಟು ಬೋಲ್ಟು ಮಾತ್ರ. ಬ್ರಾಕೆಟ್ ಉಳಿಯುತ್ತೆ.

ತಪ್ಪು ಮೆಕ್ಯಾನಿಕ್ಕಿನದಾ?

ಎಲ್ಲರೂ ಮೆಕ್ಯಾನಿಕ್ಕಿಗೆ ಬೈತಾರೆ. ನನಗೆ ಹಂಗೆ ಅನ್ನಿಸಲ್ಲ. ನಾವು ಮಾತಾಡೋದು ಗುತ್ತಿಗೆ: ‘ಎಂಜಿನ್ ಇಳಿಸಿ ಏರಿಸೋಕೆ ಇಷ್ಟು.’ ಮೇಲೆ ‘ಸಂತೆ ದಿನಕ್ಕೆ ಗಾಡಿ ಬೇಕಪ್ಪ’ ಅಂತ ಒತ್ತಾಯ. ಆತ ಒಂದು ಬೋಲ್ಟಿಗೆ ಎರಡು ದಿನ ಎಣ್ಣೆ ಬಿಟ್ಟುಕೊಂಡು ಕೂತರೆ ಅವನ ಮನೆ ಒಲೆ ಉರಿಯೋದು ಹೆಂಗೆ? ಗುತ್ತಿಗೆ ಕಳೆ ತೆಗೆಸಿದರೆ ಬೇರು ನೆಲದಲ್ಲೇ ಉಳಿಯುತ್ತಲ್ಲ, ಹಂಗೇ ಇದು.

ಅದಕ್ಕೆ ನಾನು ಹೇಳೋದು ಇಷ್ಟು. ಚೊಕ್ಕ ಮಾಡೋದು, ಎಣ್ಣೆ ಬಿಡೋದು, ಬಾನೆಟ್ಟು, ರೇಡಿಯೇಟರ್ ಬಿಚ್ಚೋದು ನಾವೇ ಮಾಡಿಕೊಳ್ಳೋಣ. ಮೆಕ್ಯಾನಿಕ್ಕಿಗೆ ಈ ಕೆಲಸದ ಮಟ್ಟಿಗೆ ದಿನಗೂಲಿ ಕೊಡೋಣ. ಗ್ಯಾಸ್ ಹಚ್ಚಬಾರದು ಅಂತ ಮೊದಲೇ ಮಾತಾಗಲಿ. ನಾವು ಹಿಂಗೆ ಮಾಡಿದಾಗ ಕೂಲಿ ಗುತ್ತಿಗೆಗಿಂತ ಒಂದು ದಿನದ್ದು ಹೆಚ್ಚಾಯ್ತು, ಬ್ರಾಕೆಟ್ ರಿಪೇರಿ ಖರ್ಚು ಮಾತ್ರ ಬರಲೇ ಇಲ್ಲ. ಬಿತ್ತನೆ ಸಮಯಕ್ಕೆ ಕಾಯದೆ ಬೇಸಿಗೆಯಲ್ಲೇ ಇಂಥ ಕೆಲಸ ಇಟ್ಟುಕೊಂಡರೆ ಅವಸರವೂ ಇರಲ್ಲ.

ಅವಸರ ಇಲ್ಲದಿದ್ದರೆ ಪಕ್ಕದಲ್ಲಿ ನಿಂತ ನಮ್ಮ ಮಕ್ಕಳೂ ಒಂದು ವಿದ್ಯೆ ಕಲೀತಾರೆ. ಗ್ಯಾಸ್ ಹಿಡಿಯೋದನ್ನು ನೋಡಿದ ಹುಡುಗ ಕಲಿಯೋದು ಕತ್ತರಿಸೋದನ್ನು ಮಾತ್ರ.

ಮತ್ತೆ ಜೋಡಿಸುವಾಗ

ಹೊಸ ಬೋಲ್ಟ್ ಅದೇ ಅಳತೆ, ಅದೇ ಗಟ್ಟಿತನದ್ದು ಹಾಕಿ. ಇಂಚಿನ ಬೋಲ್ಟಿನ ತಲೆ ಮೇಲೆ ಮೂರು ಗೀರು ಇದ್ದರೆ ಅದು ಗ್ರೇಡ್ 5. ಅದನ್ನು ತೆಗೆದು ಗೀರಿಲ್ಲದ ಗೇಟಿನ ಬೋಲ್ಟ್ ಹಾಕಬೇಡಿ. ಮರೆಗೆ ಗ್ರಾಫೈಟ್ ಗ್ರೀಸ್ ಸವರಿ. ಏನೂ ತಾಗದಂಗಿದ್ದರೆ ನಟ್ಟು ಕೈ ಎಟುಕೋ ಕಡೆ ಬರೋ ಹಾಗೆ ಬೋಲ್ಟ್ ತೂರಿಸಿ. ಯಾವ ಬೋಲ್ಟಿಗೆ ಯಾವ ಪಾನೆ ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದು ಗಾಡಿಯಲ್ಲೇ ಇಡಿ.

ಗಾಡಿ ಮಾಡೋರಿಗೂ ಒಂದು ಮಾತಿದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದು ಮೊದಲು ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರವೂ ಇದೆ, ವಾಹನವೂ ಇದೆ. ಬಿಡಿಭಾಗ ಸಿಗಬೇಕು, ಮಾಹಿತಿ ಪುಸ್ತಕ ಸಿಗಬೇಕು ಅನ್ನೋದು ಅದರ ಆಶಯ. ಒಳ್ಳೇದೇ. ಆದರೆ ಬಿಡಿಭಾಗ ಸಿಕ್ಕಿಯೂ ಕೈ ಹೋಗದಿದ್ದರೆ ಏನು ಬಂತು? ಪಾನೆ ಹಿಡಿದ ಕೈ ಹೋಗೋಷ್ಟು ಜಾಗ ಬಿಡಿ ಅಂತ ರೈತ ಸಂಘಟನೆಗಳು ಕೇಳಬೇಕು. ಹೊಸ ಗಾಡಿ ಕೊಳ್ಳೋಕೆ ಹೋದಾಗ ಬಣ್ಣ, ಸೀಟು ನೋಡೋ ಮೊದಲು ಬಾನೆಟ್ ಎತ್ತಿಸಿ, ಎಂಜಿನ್ ಮೌಂಟಿಂಗ್ ಬೋಲ್ಟ್ ಎಲ್ಲಿದೆ, ಅದನ್ನು ಹೆಂಗೆ ಬಿಚ್ತೀರಿ ಅಂತ ಕೇಳಿ. ಹತ್ತು ಜನ ರೈತರು ಇದೇ ಪ್ರಶ್ನೆ ಕೇಳಿದರೆ ಆ ಮಾತು ಶೋರೂಮಿನಿಂದ ಕಂಪನಿವರೆಗೂ ಹೋಗುತ್ತೆ.